ಎಸ್ ಹಚ್ಚುವ ಮೊದಲು: ಇಂಗ್ಲಿಷ್ ಬಹುವಚನದ ಸ್ಪೆಲಿಂಗ್, ಹಂತ ಹಂತವಾಗಿ

ಇಂಗ್ಲಿಷಿನಲ್ಲಿ ಬಹುವಚನ ಎಂದರೆ ಪದದ ಕೊನೆಗೊಂದು ಎಸ್. ಇಷ್ಟು ಎಲ್ಲರಿಗೂ ಗೊತ್ತು. ತಪ್ಪು ಶುರುವಾಗುವುದೂ ಇಲ್ಲಿಂದಲೇ. ಸಂಜೆ ಪಾಠಕ್ಕೆ ಬರುವ ಹತ್ತನೇ ತರಗತಿಯ ಮಕ್ಕಳ ನೋಟ್‌ಬುಕ್ಕಿನಲ್ಲೂ, ಕೆಲಸದ ಅರ್ಜಿ ತಿದ್ದಿಸಿಕೊಳ್ಳಲು ಬರುವ ಪದವೀಧರರ ಹಾಳೆಯಲ್ಲೂ ನಾನು ಕೆಂಪು ಪೆನ್ನಿನಿಂದ ಸುತ್ತು ಹಾಕುವ ಪದಗಳು ಹೆಚ್ಚುಕಡಿಮೆ ಅವೇ. ನಿಯಮ ಬರುವುದಿಲ್ಲ ಅಂತಲ್ಲ. ಕೇಳಿದರೆ ‘ವೈ ಇದ್ದರೆ ಐ-ಇ-ಎಸ್’ ಎಂದು ಗಡಗಡ ಒಪ್ಪಿಸುತ್ತಾರೆ. ಮರುನಿಮಿಷವೇ ಕೀ ಎಂಬ ಪದಕ್ಕೂ ಅದನ್ನೇ ಹಚ್ಚಿ ಕೆ-ಇ-ಐ-ಇ-ಎಸ್ ಬರೆಯುತ್ತಾರೆ. ಯಾವ ಪದವನ್ನು ಕಿವಿಗೆ ಕೊಡಬೇಕು, ಯಾವುದನ್ನು ಕಣ್ಣಿಗೆ, ಯಾವುದನ್ನು ನೆನಪಿಗೆ ಎಂಬ ವಿಂಗಡಣೆ ಆಗಿರುವುದಿಲ್ಲ. ಈ ಮಾರ್ಗದರ್ಶಿಯ ಕೆಲಸ ಆ ವಿಂಗಡಣೆ ಮಾಡಿಕೊಡುವುದು. ಹಂತಗಳ ಅನುಕ್ರಮ ಬದಲಿಸಬೇಡಿ. ಎರಡನೆಯದನ್ನು ಹಾರಿ ಐದನೆಯದಕ್ಕೆ ಹೋದವರೇ ಹೆಚ್ಚು ಎಡವುತ್ತಾರೆ.

## ಏನೇನು ಬೇಕು

ಒಂದು ರಫ್ ನೋಟ್‌ಬುಕ್, ಪೆನ್ಸಿಲ್, ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ಒಂದು ನಿಘಂಟು. ಮೊಬೈಲಿನಲ್ಲಿರುವುದಾದರೂ ಆದೀತು. ಜೊತೆಗೆ ನಿಮ್ಮ ಬಾಯಿ ಬೇಕು. ಮನಸ್ಸಿನಲ್ಲೇ ಓದಿಕೊಂಡರೆ ನಾಲ್ಕನೇ ಹಂತ ಕೆಲಸ ಮಾಡುವುದಿಲ್ಲ.

ಇಲ್ಲಿ ಸ್ಪೆಲಿಂಗನ್ನು ಶಾಲೆಯಲ್ಲಿ ಎದ್ದು ನಿಂತು ಹೇಳಿದ ಹಾಗೆಯೇ ಕೊಟ್ಟಿದ್ದೇನೆ: ಸಿ-ಐ-ಟಿ-ವೈ, ಸಿಟಿ. ಓದಿದಂತೆಲ್ಲ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಬರೆದುಕೊಳ್ಳಿ. ಬರೆದ ಕೈಗೆ ನೆನಪು ಹೆಚ್ಚು.

## ಹಂತ 1: ಕೊನೆಯ ಉಕಾರ ಕತ್ತರಿಸಿ

ನಾವು ಇಂಗ್ಲಿಷ್ ಪದವನ್ನು ಮನೆಗೆ ಕರೆದುಕೊಂಡ ಕೂಡಲೇ ಅದಕ್ಕೊಂದು ಉಕಾರ ಅಂಟಿಸುತ್ತೇವೆ. ಬಸ್ಸು, ಪೆನ್ನು, ಬೆಂಚು, ಬಾಕ್ಸು. ಕನ್ನಡದಲ್ಲಿ ಇದು ಸರಿಯೇ. ಆದರೆ ಇಂಗ್ಲಿಷ್ ಬಹುವಚನ ನಿಂತಿರುವುದು ಪದದ ಕಟ್ಟಕಡೆಯ ಸದ್ದಿನ ಮೇಲೆ, ಅದನ್ನೇ ನಮ್ಮ ಉಕಾರ ಮುಚ್ಚಿಬಿಡುತ್ತದೆ. ಮೊದಲು ಅದನ್ನು ಕಿತ್ತು ಬಸ್, ಪೆನ್, ಬೆಂಚ್, ಬಾಕ್ಸ್ ಎಂದು ಮೊಟಕಾಗಿ ಹೇಳಿ ನಿಲ್ಲಿಸಿ.

ಒತ್ತಕ್ಷರದ ಕಾಟವೂ ಇದೆ. ಕನ್ನಡದ ಬಸ್ಸಿನಲ್ಲಿ ಎರಡು ಸಕಾರ ಕೇಳುವುದರಿಂದ ಬಹಳ ಜನ ಬಿ-ಯು-ಎಸ್-ಎಸ್-ಇ-ಎಸ್ ಬರೆಯುತ್ತಾರೆ. ನಮ್ಮಲ್ಲಿ ಕಲಿಸುವ ಬ್ರಿಟಿಷ್ ಸ್ಪೆಲಿಂಗಿನಲ್ಲಿ ನಡುವೆ ಒಂದೇ ಎಸ್: ಬಿ-ಯು-ಎಸ್-ಇ-ಎಸ್.

## ಹಂತ 2: ಈ ಪದಕ್ಕೆ ಬಹುವಚನ ಉಂಟೇ?

ಸ್ಪೆಲಿಂಗ್ ಚಿಂತೆಗೆ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಫರ್ನಿಚರ್, ಲಗೇಜ್, ಇನ್ಫರ್ಮೇಷನ್, ಅಡ್ವೈಸ್, ಇಕ್ವಿಪ್‌ಮೆಂಟ್, ಹೋಮ್‌ವರ್ಕ್, ಸೀನರಿ, ಸ್ಟೇಷನರಿ ಇವಕ್ಕೆಲ್ಲ ಎಸ್ ಹತ್ತುವುದಿಲ್ಲ. ಕನ್ನಡದಲ್ಲಿ ಪೀಠೋಪಕರಣಗಳು, ಸಲಹೆಗಳು, ಸಲಕರಣೆಗಳು ಎಂದು ನಿರಾತಂಕವಾಗಿ ಅನ್ನುತ್ತೇವಲ್ಲ, ಆ ‘ಗಳು’ವೇ ಕೈಯಿಂದ ಎಸ್ ಬರೆಸುವುದು. ಎಣಿಸಲೇಬೇಕಾದರೆ ಮುಂದೆ ‘ಪೀಸಸ್ ಆಫ್’ ಇಟ್ಟು ಎಣಿಸಿ. ಎಸ್ ಬೀಳುವುದು ಪೀಸ್ ಮೇಲೆ, ಫರ್ನಿಚರ್ ಮೇಲಲ್ಲ.

ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಪದ ಬೇರೆಯಾಗಿ ಹೇಳಬೇಕು. ಸ್ಟಾಫ್ ಎಂದರೆ ಒಂದು ಕಚೇರಿಯ ಸಿಬ್ಬಂದಿ ಒಟ್ಟಿಗೆ. ಇಪ್ಪತ್ತು ಜನರಿದ್ದರೆ ಟ್ವೆಂಟಿ ಸ್ಟಾಫ್ಸ್ ಅಲ್ಲ, ಟ್ವೆಂಟಿ ಸ್ಟಾಫ್ ಮೆಂಬರ್ಸ್. ಆಲ್ಫಾಬೆಟ್ ಎಂದರೆ ಇಡೀ ಅಕ್ಷರಮಾಲೆ. ಇಂಗ್ಲಿಷಿನಲ್ಲಿ ಇರುವುದು ಒಂದೇ ಆಲ್ಫಾಬೆಟ್, ಅದರಲ್ಲಿ 26 ಲೆಟರ್ಸ್.

ಅನುಮಾನ ಬಂದರೆ ನಿಘಂಟು ತೆರೆಯಿರಿ. ಕಲಿಯುವವರ ನಿಘಂಟಿನಲ್ಲಿ ನಾಮಪದದ ಪಕ್ಕ ಸಾಮಾನ್ಯವಾಗಿ ಸಿ ಅಥವಾ ಯು ಎಂಬ ಗುರುತು ಇರುತ್ತದೆ. ಸಿ ಎಂದರೆ ಎಣಿಸಬಹುದು, ಯು ಎಂದರೆ ಎಣಿಸಲಾಗದು. ಬರೀ ಯು ಇದ್ದರೆ ಪೆನ್ಸಿಲ್ ಕೆಳಗಿಡಿ, ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಕನ್ನಡದಿಂದಲೇ ಬರುತ್ತದೆ. ‘ಐದು ಪುಸ್ತಕ ಕೊಡಿ’ ಎಂದರೆ ನಮಗೆ ಸಾಕು. ಐದು ಎಂದ ಮೇಲೆ ಗಳು ಯಾಕೆ? ಇಂಗ್ಲಿಷಿಗೆ ಸಾಲದು. ಸಂಖ್ಯೆ ಹೇಳಿದರೂ ಎಸ್ ಬೇಕು: ಫೈವ್ ಬುಕ್ಸ್. ‘ಒನ್ ಆಫ್ ಮೈ’ ಆದ ಮೇಲೂ ಬಹುವಚನವೇ, ಒನ್ ಆಫ್ ಮೈ ಫ್ರೆಂಡ್ಸ್. ಇಲ್ಲಿ ಮಾತ್ರ ಕನ್ನಡ ನಿಮ್ಮ ಪರ ನಿಲ್ಲುತ್ತದೆ: ‘ನನ್ನ ಗೆಳೆಯರಲ್ಲಿ ಒಬ್ಬ’ ಎನ್ನುತ್ತೇವೆಯೇ ಹೊರತು ‘ಗೆಳೆಯನಲ್ಲಿ ಒಬ್ಬ’ ಎನ್ನುವುದಿಲ್ಲ.

ಸಂಖ್ಯೆ ಇದ್ದೂ ಎಸ್ ಬೇಡದ ಜಾಗ ಎರಡಿವೆ. ಹಂಡ್ರೆಡ್, ಡಜನ್ ಮುಂತಾದವುಗಳ ಹಿಂದೆ ಖಚಿತ ಸಂಖ್ಯೆ ಇದ್ದರೆ ಎಸ್ ಬೇಡ: ಟು ಹಂಡ್ರೆಡ್ ಸ್ಟೂಡೆಂಟ್ಸ್. ‘ನೂರಾರು’ ಎಂಬ ಅರ್ಥಕ್ಕೆ ಮಾತ್ರ ಹಂಡ್ರೆಡ್ಸ್ ಆಫ್. ಇನ್ನೊಂದು, ಸಂಖ್ಯೆ ಮತ್ತು ಪದ ಸೇರಿ ಮತ್ತೊಂದು ಪದವನ್ನು ಬಣ್ಣಿಸುವಾಗ. ಜೇಬಿನ ಹತ್ತರ ನೋಟು ತೆಗೆದು ನೋಡಿ, ಅದರ ಮೇಲೆ ಟೆನ್ ರುಪೀಸ್ ಎಂದು ಎಸ್ ಸಮೇತ ಇದೆ. ಆದರೆ ಆ ನೋಟನ್ನು ಹೆಸರಿಸುವಾಗ ಅದು ಟೆನ್-ರುಪೀ ನೋಟ್.

## ಹಂತ 3: ಮೈಯೇ ಬದಲಾಗುವ ಪದಗಳು

ಇವಕ್ಕೆ ತರ್ಕ ಹುಡುಕಬೇಡಿ, ಬಾಯಿಪಾಠ ಮಾಡಿ. ಮ್ಯಾನ್–ಮೆನ್, ವುಮನ್–ವಿಮೆನ್, ಫುಟ್–ಫೀಟ್, ಟೂತ್–ಟೀತ್, ಗೂಸ್–ಗೀಸ್, ಮೌಸ್–ಮೈಸ್, ಚೈಲ್ಡ್–ಚಿಲ್ಡ್ರನ್, ಆಕ್ಸ್–ಆಕ್ಸನ್. ವಿಮೆನ್ ಎಂದು ಕೇಳಿದರೂ ಡಬ್ಲ್ಯೂ ಆದ ಮೇಲೆ ಒ ಹಾಗೇ ಇರುತ್ತದೆ, ಐ ಬರುವುದಿಲ್ಲ: ಡಬ್ಲ್ಯೂ-ಒ-ಎಂ-ಇ-ಎನ್.

ಒಮ್ಮೆ ಬಹುವಚನವಾದದ್ದಕ್ಕೆ ಮತ್ತೆ ಎಸ್ ಹಚ್ಚುವುದು ಇಲ್ಲಿಯ ದೊಡ್ಡ ತಪ್ಪು. ಚಿಲ್ಡ್ರನ್ಸ್ ಎಂದು ಬರೆದು ‘ಮಕ್ಕಳು’ ಎಂದುಕೊಳ್ಳುವುದು ‘ಮಕ್ಕಳುಗಳು’ ಎಂದಷ್ಟೇ ವಿಚಿತ್ರ. ಪೀಪಲ್ಸ್ ಎಂಬುದು ಉಂಟು, ಆದರೆ ಅದರ ಅರ್ಥ ಜನರು ಅಲ್ಲ, ಬೇರೆ ಬೇರೆ ಜನಾಂಗಗಳು.

ನೋಡಲು ನೆಂಟರಂತೆ ಇದ್ದು ನೆಂಟರಲ್ಲದವರೂ ಇದ್ದಾರೆ. ಹ್ಯೂಮನ್, ಜರ್ಮನ್, ರೋಮನ್ ಇವು ಮ್ಯಾನ್ ಸೇರಿ ಆದ ಪದಗಳಲ್ಲ, ಹಾಗಾಗಿ ಬರೀ ಎಸ್. ಪೊಲೀಸ್‌ಮ್ಯಾನ್ ಮಾತ್ರ ನಿಜವಾಗಿ ಮ್ಯಾನೇ, ಅದು ಪೊಲೀಸ್‌ಮೆನ್ ಆಗುತ್ತದೆ. ಮಂಗೂಸ್‌ಗೂ ಬಾತುಕೋಳಿ ಜಾತಿಯ ಗೂಸ್‌ಗೂ ಸಂಬಂಧವಿಲ್ಲ. ಅದು ಭಾರತದಿಂದ ಇಂಗ್ಲಿಷಿಗೆ ಹೋದ ಪದ, ನಮ್ಮ ಮುಂಗುಸಿಯ ಬಳಗದ್ದು. ಬಹುವಚನ ಮಂಗೂಸಸ್, ‘ಮಂಗೀಸ್’ ಎಂಬ ಪ್ರಾಣಿ ಇಲ್ಲ.

ಷೀಪ್, ಡಿಯರ್, ಏರ್‌ಕ್ರಾಫ್ಟ್, ಸೀರೀಸ್, ಸ್ಪೀಷೀಸ್: ಒಂದಿದ್ದರೂ ಹೀಗೇ, ನೂರಿದ್ದರೂ ಹೀಗೇ. ಇಲ್ಲಿ ಡಿಯರ್ ಎಂದರೆ ಜಿಂಕೆ, ಡಿ-ಇ-ಇ-ಆರ್.

## ಹಂತ 4: ಚಪ್ಪಾಳೆ ಪರೀಕ್ಷೆ (ಇದು ಕಿವಿಯ ಕೆಲಸ)

ಬರೀ ಎಸ್ ಬೇಕೋ ಇ-ಎಸ್ ಬೇಕೋ ಎಂದು ತಿಳಿಯಲು ಪದವನ್ನು ಜೋರಾಗಿ ಹೇಳುತ್ತಾ ಚಪ್ಪಾಳೆ ತಟ್ಟಿ. ಪೆನ್: ಒಂದು. ಪೆನ್ಸ್: ಆಗಲೂ ಒಂದೇ. ಬಾಕ್ಸ್: ಒಂದು. ಬಾಕ್‌-ಸಸ್: ಎರಡು. ಬಹುವಚನದಲ್ಲಿ ಒಂದು ಚಪ್ಪಾಳೆ ಹೆಚ್ಚಾದರೆ ಇ-ಎಸ್, ಹೆಚ್ಚಾಗದಿದ್ದರೆ ಬರೀ ಎಸ್. ಮೊದಲ ಹಂತದಲ್ಲಿ ಉಕಾರ ಕತ್ತರಿಸದೆ ‘ಪೆನ್ನು’ ಎಂದು ಶುರು ಮಾಡಿದರೆ ಲೆಕ್ಕವೆಲ್ಲ ಕೆಡುತ್ತದೆ.

ಚಪ್ಪಾಳೆ ಹೆಚ್ಚಾಗುವುದು ಸಿಳ್ಳೆಯಂತೆ ಸುಯ್ಯೆನ್ನುವ ಕೊನೆಗಳಲ್ಲಿ: ಎಸ್, ಎಸ್-ಎಚ್, ಸಿ-ಎಚ್, ಎಕ್ಸ್, ಝಡ್. ಕ್ಲಾಸ್, ಬ್ರಷ್, ಬೆಂಚ್, ಟ್ಯಾಕ್ಸ್ ಎಲ್ಲವೂ ಇ-ಎಸ್. ಕ್ವಿಜ್ ಮಾತ್ರ ಝಡ್ ಅನ್ನು ಇಮ್ಮಡಿ ಮಾಡಿಕೊಳ್ಳುತ್ತದೆ: ಕ್ಯೂ-ಯು-ಐ-ಝಡ್-ಝಡ್-ಇ-ಎಸ್.

ಈಗ ಮೂರು ಎಚ್ಚರಿಕೆ. ಪದದ ಕೊನೆಯಲ್ಲಿ ಆಗಲೇ ಮೂಕ ಇ ಇದ್ದರೆ ಇನ್ನೊಂದು ಇ ತರಬೇಡಿ. ಪೇಜ್, ಹಾರ್ಸ್, ಪ್ರೈಜ್ ಇವುಗಳಲ್ಲಿ ಚಪ್ಪಾಳೆ ಹೆಚ್ಚಾಗುವುದು ನಿಜ, ಆದರೆ ಇ ಮೊದಲೇ ಬಂದು ಕೂತಿದೆ. ಎಸ್ ಒಂದೇ ಸಾಕು.

ಎರಡನೆಯದು, ಸಿ-ಎಚ್ ಕಂಡ ಕೂಡಲೇ ಕೈ ಇ-ಎಸ್ ಬರೆಯಲು ಓಡುವುದು. ಸ್ಟಮಕ್ ಕೊನೆಯಲ್ಲೂ ಸಿ-ಎಚ್ ಇದೆ, ಆದರೆ ಸದ್ದು ಕ್. ಸ್ಟಮಕ್ಸ್ ಎಂದು ಹೇಳಿ ನೋಡಿ, ಚಪ್ಪಾಳೆ ಹೆಚ್ಚಾಗುವುದಿಲ್ಲ. ಬರೀ ಎಸ್. ಅಕ್ಷರ ನೋಡಿ ಬರೆದವರು ತಪ್ಪುತ್ತಾರೆ, ಕೇಳಿ ಬರೆದವರು ಗೆಲ್ಲುತ್ತಾರೆ.

ಮೂರನೆಯದು ಟಿ-ಎಚ್. ಮಂತ್, ಪಾತ್, ಬಾತ್ ಇವು ಸಿಳ್ಳೆಯ ಗುಂಪಿನವಲ್ಲ. ‘ಮಂತಸ್’ ಎಂದು ಎಳೆದು ಹೇಳುವ ಅಭ್ಯಾಸ ನಿಮಗಿದ್ದರೆ ಕಿವಿ ಮೋಸ ಮಾಡುತ್ತದೆ. ಎಂ-ಒ-ಎನ್-ಟಿ-ಎಚ್-ಎಸ್, ಅಷ್ಟೇ.

## ಹಂತ 5: ವೈ (ಇದು ಕಣ್ಣಿನ ಕೆಲಸ)

ಇಲ್ಲಿ ಕಿವಿ ನಂಬಬೇಡಿ. ರ‍್ಯಾಲಿ, ವ್ಯಾಲಿ ಎರಡನ್ನೂ ಹೇಳಿ ನೋಡಿ, ಕೊನೆ ಒಂದೇ ಥರ ಕೇಳುತ್ತದೆ. ಆದರೆ ಒಂದರ ಬಹುವಚನ ಐ-ಇ-ಎಸ್, ಇನ್ನೊಂದರದು ಬರೀ ಎಸ್. ಗುಟ್ಟು ವೈ ಹಿಂದಿನ ಅಕ್ಷರದಲ್ಲಿದೆ. ಪೆನ್ಸಿಲ್ ತೆಗೆದು ಆ ಅಕ್ಷರಕ್ಕೆ ಸುತ್ತು ಹಾಕಿ. ಅದು ಎ, ಇ, ಐ, ಒ, ಯು ಈ ಐದರಲ್ಲಿ ಒಂದಾದರೆ ವೈ ಅನ್ನು ಮುಟ್ಟಬೇಡಿ, ಎಸ್ ಹಚ್ಚಿ: ಬಾಯ್, ಡೇ, ಕೀ, ಮಂಕಿ, ವ್ಯಾಲಿ. ಬೇರೆ ಯಾವ ಅಕ್ಷರವಿದ್ದರೂ ವೈ ಕಿತ್ತು ಐ-ಇ-ಎಸ್: ಸಿಟಿ, ಬೇಬಿ, ಲೇಡಿ, ಫ್ಯಾಕ್ಟರಿ, ಕಂಟ್ರಿ, ರ‍್ಯಾಲಿ.

ಮನೆ ಕಟ್ಟಿಸುವವರು, ಮಾರುವವರು ಬರೆಯುವ ಜಾಹೀರಾತಿನಲ್ಲಿ ಒಂದು ತಮಾಷೆ ನೋಡುತ್ತಿರುತ್ತೇನೆ. ಕಟ್ಟಡದ ಮಹಡಿಗೆ ಬ್ರಿಟಿಷ್ ಸ್ಪೆಲಿಂಗ್ ಎಸ್-ಟಿ-ಒ-ಆರ್-ಇ-ವೈ, ವೈ ಹಿಂದೆ ಇ ಇರುವುದರಿಂದ ಬಹುವಚನಕ್ಕೆ ಎಸ್ ಮಾತ್ರ. ಕಥೆಗೆ ಎಸ್-ಟಿ-ಒ-ಆರ್-ವೈ, ಬಹುವಚನ ಐ-ಇ-ಎಸ್. ಎರಡನ್ನೂ ಅದಲುಬದಲು ಮಾಡಿದರೆ ನಿಮ್ಮ ಕಟ್ಟಡದಲ್ಲಿ ಮೂರು ಮಹಡಿಗಳ ಬದಲು ಮೂರು ಕಥೆಗಳು ಇರುತ್ತವೆ. ಕಂಪ್ಯೂಟರಿನ ಸ್ಪೆಲ್‌ಚೆಕ್ ಇದನ್ನು ಹಿಡಿಯುತ್ತದೆಂದು ನೆಚ್ಚಿಕೊಳ್ಳಬೇಡಿ. ಎರಡೂ ನಿಜವಾದ ಪದಗಳೇ.

ಹೆಸರುಗಳಿಗೆ ಈ ನಿಯಮ ಇಲ್ಲ. ಶೆಟ್ಟಿ, ರೆಡ್ಡಿ, ಮೂರ್ತಿ ಇವನ್ನು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ವೈ ಹಾಕಿಯೇ ಬರೆಯುತ್ತೇವೆ. ತರಗತಿಯಲ್ಲಿ ಇಬ್ಬರು ಶೆಟ್ಟಿ ಇದ್ದರೆ ವೈ ಉಳಿಸಿ ಎಸ್ ಹಚ್ಚಬೇಕು. ಹೆಸರಿನ ಸ್ಪೆಲಿಂಗ್ ಕೆಡಿಸುವ ಹಕ್ಕು ಬಹುವಚನಕ್ಕಿಲ್ಲ.

ಇನ್ನು ಹೋಟೆಲ್ ಮೆನುವಿನ ತಪ್ಪು. ಇಡ್ಲಿ, ಚಪಾತಿ, ಟ್ಯಾಕ್ಸಿ ಇವುಗಳ ಕೊನೆ ವೈ ಅಲ್ಲ, ಐ. ಅಲ್ಲಿ ಕೀಳುವುದಕ್ಕೆ ವೈ ಇಲ್ಲ, ಸೇರಿಸುವುದಕ್ಕೆ ಇ ಬೇಕಾಗಿಲ್ಲ: ಐ-ಡಿ-ಎಲ್-ಐ-ಎಸ್.

## ಹಂತ 6: ಎಫ್

ವಿ-ಇ-ಎಸ್ ಆಗುವ ದಿನಬಳಕೆಯ ಪದಗಳು ಬೆರಳೆಣಿಕೆಯವು. ಪಟ್ಟಿ ಕಲಿತರೆ ಉಳಿದದ್ದಕ್ಕೆಲ್ಲ ಕಣ್ಣುಮುಚ್ಚಿ ಎಸ್ ಹಚ್ಚಬಹುದು. ಎಫ್-ಇ ಕೊನೆಯವು ಮೂರು: ನೈಫ್, ವೈಫ್, ಲೈಫ್. ಎಲ್-ಎಫ್ ಕೊನೆಯವು ಆರು: ಕಾಫ್, ಹಾಫ್, ಎಲ್ಫ್, ಸೆಲ್ಫ್, ಶೆಲ್ಫ್, ವುಲ್ಫ್. ಇನ್ನುಳಿದವು ನಾಲ್ಕು: ಲೀಫ್, ಲೋಫ್, ಷೀಫ್, ಥೀಫ್. ಒಟ್ಟು ಹದಿಮೂರು.

ರೂಫ್, ಪ್ರೂಫ್, ಚೀಫ್, ಬಿಲೀಫ್, ಗಲ್ಫ್, ಸೇಫ್ ಇವೆಲ್ಲ ಎಸ್ ಮಾತ್ರ. ಕ್ಲಿಫ್, ಕಫ್‌ಗಳಂತೆ ಎಫ್-ಎಫ್ ಜೋಡಿ ಇದ್ದರೂ ಎಸ್ ಮಾತ್ರ. ಬಿಲೀಫ್‌ಗೆ ವಿ-ಇ-ಎಸ್ ಬರೆದರೆ ಅದು ನಾಮಪದವಾಗಿಯೇ ಉಳಿಯುವುದಿಲ್ಲ, ‘ನಂಬುತ್ತಾನೆ’ ಎಂಬ ಕ್ರಿಯಾಪದವಾಗಿಬಿಡುತ್ತದೆ. ಸೇಫ್ ಕೂಡ ಹಾಗೇ: ತಿಜೋರಿಗಳು ಎನ್ನಲು ಹೋಗಿ ‘ಉಳಿಸುತ್ತಾನೆ’ ಎಂದಿರುತ್ತೀರಿ. ಸ್ಕಾರ್ಫ್, ಹೂಫ್ ಮಾತ್ರ ಎರಡೂ ರೀತಿ ನಡೆಯುತ್ತವೆ.

## ಹಂತ 7: ಒ (ಇದು ನೆನಪಿನ ಕೆಲಸ)

1992ರ ಜೂನ್‌ನಲ್ಲಿ ಅಮೆರಿಕದ ಆಗಿನ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಒಂದು ಶಾಲೆಗೆ ಹೋಗಿದ್ದರು. ಹಲಗೆಯ ಮೇಲೆ ಪೊಟ್ಯಾಟೊ ಎಂದು ಸರಿಯಾಗಿಯೇ ಬರೆದಿದ್ದ ಹುಡುಗನಿಗೆ ಕೊನೆಯಲ್ಲೊಂದು ಇ ಸೇರಿಸುವಂತೆ ಹೇಳಿ ಜಗತ್ತಿನ ಮುಂದೆ ನಗೆಪಾಟಲಾದರು. ಆ ಇ ಇರುವುದು ಬಹುವಚನದಲ್ಲಿ ಮಾತ್ರ. ಒಂದು ಆಲೂಗಡ್ಡೆಗೆ ಇ ಇಲ್ಲ, ಎರಡಾದರೆ ಇ-ಎಸ್. ನಮ್ಮ ಮಕ್ಕಳು ಮಾಡುವ ತಪ್ಪನ್ನೇ ಉಪಾಧ್ಯಕ್ಷರೂ ಮಾಡಿದರೆಂದು ಹೇಳಿದಾಗ ತರಗತಿಗೆ ಸಿಗುವ ಸಮಾಧಾನ ಅಷ್ಟಿಷ್ಟಲ್ಲ.

ಒ ಹಿಂದೆ ಸ್ವರಾಕ್ಷರ ಇದ್ದರೆ ಎಸ್ ಮಾತ್ರ: ಸ್ಟುಡಿಯೋ, ವಿಡಿಯೋ, ಝೂ, ಬ್ಯಾಂಬೂ. ಉದ್ದದ ಪದವನ್ನು ಮೊಟಕು ಮಾಡಿದ್ದಾದರೂ ಎಸ್ ಮಾತ್ರ: ಫೋಟೋ, ಆಟೋ, ಕಿಲೋ, ಡೆಮೋ. ಸಂಗೀತದ ಪಿಯಾನೋ, ಸೋಲೋ ಕೂಡ ಹಾಗೇ.

ಕಡ್ಡಾಯವಾಗಿ ಇ-ಎಸ್ ಬೇಕಾದ, ಪರೀಕ್ಷೆಯಲ್ಲಿ ಬೀಳುವ ಪದಗಳನ್ನು ನಾನೊಂದು ಹುಚ್ಚು ವಾಕ್ಯದಲ್ಲಿ ಕಟ್ಟಿ ಕೊಡುತ್ತೇನೆ: ‘ಹೀರೋ ಪೊಟ್ಯಾಟೊ, ಟೊಮ್ಯಾಟೊ ತಿಂದು ತೇಗಿದರೆ ಎಕೋ, ಬೇಡವೆಂದರೆ ವೀಟೋ.’ ಐದು ಪದ, ಐದಕ್ಕೂ ಇ-ಎಸ್. ಮ್ಯಾಂಗೋ, ಮಸ್ಕಿಟೋ, ವಾಲ್ಕೇನೋ, ಬಫೆಲೋ, ಕಾರ್ಗೋ ಇವಕ್ಕೆ ಎರಡೂ ರೂಪ ಉಂಟು. ನಾನು ಇ-ಎಸ್ ಬರೆಸುತ್ತೇನೆ. ಯಾವುದನ್ನೇ ಹಿಡಿದರೂ ಒಂದೇ ಪುಟದಲ್ಲಿ ಎರಡನ್ನೂ ಬೆರೆಸಬೇಡಿ.

## ಹಂತ 8: ಲ್ಯಾಟಿನ್, ಗ್ರೀಕ್ ಅತಿಥಿಗಳು

ಹತ್ತನೇ ತರಗತಿಯವರು ಇದನ್ನು ಬೇಗ ದಾಟಬಹುದು. ಪ್ರಾಜೆಕ್ಟ್ ವರದಿ ಬರೆಯುವವರು ನಿಲ್ಲಬೇಕು. ಐ-ಎಸ್ ಕೊನೆಯದು ಇ-ಎಸ್ ಆಗುತ್ತದೆ: ಕ್ರೈಸಿಸ್–ಕ್ರೈಸೀಸ್, ಅನಾಲಿಸಿಸ್–ಅನಾಲಿಸೀಸ್. ಕ್ರೈಟೀರಿಯನ್ ಒಂದು, ಕ್ರೈಟೀರಿಯಾ ಹಲವು. ಫೆನಾಮಿನನ್, ಫೆನಾಮಿನಾ ಕೂಡ ಅದೇ ದಾರಿ. ಬ್ಯಾಕ್ಟೀರಿಯಾ, ಮೀಡಿಯಾ ಆಗಲೇ ಬಹುವಚನ. ಕನ್ನಡದಲ್ಲಿ ಬ್ಯಾಕ್ಟೀರಿಯಾಗಳು ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಎಸ್ ಹಚ್ಚಿದರೆ ಕೆಂಪು ಸುತ್ತು ಖಂಡಿತ.

ಯು-ಎಸ್ ಕೊನೆಯ ಪದ ಕಂಡರೆ ಪಾಂಡಿತ್ಯ ತೋರಿಸಲು ಐ ಹಾಕುವ ಚಟ ಬೇಡ. ಫಂಗಸ್ ಫಂಗೈ ಆಗುತ್ತದೆ, ಸಿಲಬಸ್‌ಗೆ ಎರಡೂ ರೂಪ ಸರಿ. ಆದರೆ ವೈರಸ್, ಕ್ಯಾಂಪಸ್, ಸ್ಟೇಟಸ್ ಎಲ್ಲಕ್ಕೂ ನಾಲ್ಕನೇ ಹಂತದ ಇ-ಎಸ್ಸೇ.

## ಹಂತ 9: ಜೋಡಿಪದಗಳು, ಅಕ್ಷರಪದಗಳು

ಜೋಡಿಪದದಲ್ಲಿ ಯಾರು ಮುಖ್ಯರೋ ಅವರಿಗೆ ಎಸ್. ಮದರ್-ಇನ್-ಲಾ ಎಂಬಲ್ಲಿ ಹೆಚ್ಚಾಗುವುದು ಲಾ ಅಲ್ಲ, ಮದರ್: ಮದರ್ಸ್-ಇನ್-ಲಾ. ಪಾಸರ್-ಬೈ ಕೂಡ ಪಾಸರ್ಸ್-ಬೈ. ಮುಖ್ಯ ನಾಮಪದ ಒಳಗೆ ಕಾಣದಿದ್ದರೆ ಕೊನೆಗೆ ಹಚ್ಚಿ: ಗ್ರೋನ್-ಅಪ್ಸ್. ಸ್ಪೂನ್‌ಫುಲ್ ಈಗ ಬೆಸೆದುಹೋದ ಒಂದೇ ಪದ, ಅದಕ್ಕೂ ಕೊನೆಯಲ್ಲೇ. ವುಮನ್ ಡಾಕ್ಟರ್ ಮಾತ್ರ ಎರಡೂ ಕಡೆ ಬದಲಾಗಿ ವಿಮೆನ್ ಡಾಕ್ಟರ್ಸ್ ಆಗುತ್ತದೆ.

ಎಂಎಲ್‌ಎ, ಎಟಿಎಂ, ಟಿವಿ ಇಂಥವಕ್ಕೆ ದೊಡ್ಡಕ್ಷರಗಳ ಪಕ್ಕ ಚಿಕ್ಕ ಎಸ್ ಒಂದೇ. 1990ರ ದಶಕ ಎನ್ನುವಾಗಲೂ ಅಂಕಿಯ ಪಕ್ಕ ಎಸ್, ನಡುವೆ ಅಪಾಸ್ಟ್ರಫಿ ಬೇಡ.

## ಹಂತ 10: ಅಪಾಸ್ಟ್ರಫಿಯನ್ನು ಕನ್ನಡದಿಂದ ಪರೀಕ್ಷಿಸಿ

ಬಾಯ್ ಎಂಬ ಪದಕ್ಕೆ ಎಸ್ ಹಚ್ಚುವುದು ಮೂರು ಬಗೆ: ಅಪಾಸ್ಟ್ರಫಿ ಇಲ್ಲದೆ, ಎಸ್‌ಗೆ ಮುಂಚೆ ಅಪಾಸ್ಟ್ರಫಿ ಇಟ್ಟು, ಎಸ್ ಆದ ಮೇಲೆ ಇಟ್ಟು. ಬಾಯಲ್ಲಿ ಹೇಳಿದರೆ ಮೂರೂ ಒಂದೇ, ‘ಬಾಯ್ಸ್’. ಇಂಗ್ಲಿಷ್ ಕಿವಿಗೆ ಸಿಗದ ಈ ವ್ಯತ್ಯಾಸ ಕನ್ನಡಕ್ಕೆ ಸಲೀಸಾಗಿ ಸಿಗುತ್ತದೆ, ಏಕೆಂದರೆ ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ ರೂಪ ಇದೆ. ಪದವನ್ನು ಕನ್ನಡಕ್ಕೆ ತಂದು ನೋಡಿ.

‘ಹುಡುಗರು’ ಎಂದಾದರೆ ಅಪಾಸ್ಟ್ರಫಿ ಬೇಡವೇ ಬೇಡ. ‘ಹುಡುಗನ’ ಎಂದಾದರೆ ಎಸ್‌ಗೆ ಮುಂಚೆ. ‘ಹುಡುಗರ’ ಎಂದಾದರೆ ಎಸ್ ಆದ ಮೇಲೆ. ಮೂರನೇ ಹಂತದ ಪದಗಳಲ್ಲಿ ಬಹುವಚನಕ್ಕೆ ಎಸ್ ಇರುವುದಿಲ್ಲವಾದ್ದರಿಂದ ‘ಮಕ್ಕಳ’, ‘ಮಹಿಳೆಯರ’ ಎನ್ನುವಾಗ ಅಪಾಸ್ಟ್ರಫಿ ಇಟ್ಟು ಆಮೇಲೆ ಎಸ್: ಚಿಲ್ಡ್ರನ್, ಅಪಾಸ್ಟ್ರಫಿ, ಎಸ್, ಡೇ.

ಅಂಗಡಿ ಬೋರ್ಡಿನಲ್ಲಿ ಮೊಬೈಲ್, ಟಿವಿ, ಸ್ವೀಟ್ ಪಕ್ಕ ಅಪಾಸ್ಟ್ರಫಿ ಕಂಡರೆ ಇದೇ ಪರೀಕ್ಷೆ ಮಾಡಿ. ‘ಮೊಬೈಲಿನ ದೊರೆಯುತ್ತವೆ’ ಎಂದು ಓದಿಕೊಂಡರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ.

## ಕೈ ಪರೀಕ್ಷೆ

ಮೇಲೆ ನೋಡದೆ ಇವುಗಳ ಬಹುವಚನ ಬರೆಯಿರಿ: ಚರ್ಚ್, ಮೊನಾರ್ಕ್, ಟ್ರೇ, ಬ್ಯಾಟರಿ, ಚೀಫ್, ಲೋಫ್, ರೇಡಿಯೋ, ಬೋನಸ್, ಸನ್-ಇನ್-ಲಾ, ಮೆಷಿನರಿ.

ಚರ್ಚ್, ಬೋನಸ್ ಎರಡಕ್ಕೂ ಇ-ಎಸ್. ಮೊನಾರ್ಕ್, ಟ್ರೇ, ಚೀಫ್, ರೇಡಿಯೋ ನಾಲ್ಕಕ್ಕೂ ಬರೀ ಎಸ್. ಬ್ಯಾಟರಿಗೆ ಐ-ಇ-ಎಸ್, ಲೋಫ್‌ಗೆ ವಿ-ಇ-ಎಸ್, ಅಳಿಯಂದಿರಿಗೆ ಸನ್ ಪಕ್ಕ ಎಸ್. ಮೊನಾರ್ಕ್ ತಪ್ಪಿದವರು ಬಾಯಿಬಿಟ್ಟು ಹೇಳಿಲ್ಲ, ಟ್ರೇ ತಪ್ಪಿದವರು ವೈ ಹಿಂದಿನ ಅಕ್ಷರಕ್ಕೆ ಸುತ್ತು ಹಾಕಿಲ್ಲ. ಮೆಷಿನರಿ ಕೊನೆಯ ವೈ ಕಿತ್ತು ಐ-ಇ-ಎಸ್ ಬರೆದಿದ್ದರೆ ಎರಡನೇ ಹಂತ ಹಾರಿದ್ದೀರಿ. ನಿಘಂಟು ತೆರೆಯಿರಿ, ಅದರ ಪಕ್ಕ ಯು ಗುರುತಿದೆ.